ಕೀಲಿಕೈ ಇರುವವನ ಕಿಸೆ ತಡಕುವುದೇಕೆ?

ವಿಮಾನಯಾನದ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಈ ಅಂಕಣದಲ್ಲಿ ನಿವೃತ್ತ ಕ್ಯಾಪ್ಟನ್ ಒಬ್ಬರು ಉತ್ತರಿಸುತ್ತಾರೆ. ಪೈಲಟ್‌ಗಳ ಭದ್ರತಾ ತಪಾಸಣೆಯ ಕುರಿತು ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಲ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ, ಷಿಕಾಗೋ ವಿಮಾನ ನಿಲ್ದಾಣದಲ್ಲಿ ಸಮವಸ್ತ್ರ ತೊಟ್ಟ ಪೈಲಟ್‌ಗಳು ಪಕ್ಕದ ಬಾಗಿಲಿನಲ್ಲಿ ಗುರುತಿನ ಚೀಟಿ ತೋರಿಸಿ ಸಲೀಸಾಗಿ ಒಳಗೆ ಹೋಗುವುದನ್ನು ಕಂಡೆ. ನಮ್ಮ ಬೆಂಗಳೂರಿನಲ್ಲಿಯಾದರೋ ಇಬ್ಬರು ಪೈಲಟ್‌ಗಳು ಪ್ರಯಾಣಿಕರಂತೆಯೇ ಬೆಲ್ಟ್ ಬಿಚ್ಚಿ ಟ್ರೇಯಲ್ಲಿಟ್ಟು, ಕೈಚಾಚಿ ನಿಂತು ತಪಾಸಣೆ ಮಾಡಿಸಿಕೊಂಡರು. ಇಡೀ ವಿಮಾನವನ್ನೇ ಯಾರ ಕೈಗೆ ಒಪ್ಪಿಸುತ್ತೇವೆಯೋ ಅವರ ಕಿಸೆ ತಡಕುವುದರಲ್ಲಿ ಅರ್ಥವೇನಾದರೂ ಇದೆಯೇ?
— ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಈ ಪ್ರಶ್ನೆಯನ್ನು ನಾನೂ ನೌಕರಿಯ ಮೊದಲ ವರ್ಷಗಳಲ್ಲಿ ಮನಸ್ಸಿನಲ್ಲೇ, ಆಮೇಲಿನ ವರ್ಷಗಳಲ್ಲಿ ತುಸು ಗಟ್ಟಿಯಾಗಿಯೇ ಕೇಳಿಕೊಂಡವನು. ಒಂದು ಪ್ರಸಂಗ ಹೇಳುತ್ತೇನೆ. ನಮ್ಮಲ್ಲಿ ಕನ್ನಡಕ ಹಾಕಿಕೊಳ್ಳುವ ಪೈಲಟ್‌ಗಳು ಹಾರಾಟದ ವೇಳೆ ಇನ್ನೊಂದು ಕನ್ನಡಕವನ್ನು ಕೈಗೆಟಕುವಂತೆ ಇಟ್ಟುಕೊಂಡಿರಬೇಕೆಂಬುದು ವೈದ್ಯಕೀಯ ನಿಯಮ. ನನ್ನ ಎರಡನೆಯ ಕನ್ನಡಕದ ಡಬ್ಬಿಯಲ್ಲಿ ಅದರ ತಿರುಪು ಬಿಗಿಮಾಡಲೆಂದು ಕಿರುಬೆರಳಿಗಿಂತ ಚಿಕ್ಕದಾದ ಸ್ಕ್ರೂಡ್ರೈವರ್ ಒಂದು ಸದಾ ಇರುತ್ತಿತ್ತು. ಹೊರದೇಶದ ಒಂದು ನಿಲ್ದಾಣದಲ್ಲಿ ನಸುಕಿನ ನಾಲ್ಕು ಗಂಟೆಗೆ ಎಕ್ಸ್‌ರೇ ಯಂತ್ರದ ಮುಂದಿದ್ದ ಸಿಬ್ಬಂದಿ ಅದನ್ನು ಹೆಕ್ಕಿ ತೆಗೆದು, ಬೆಳಕಿಗೆ ಹಿಡಿದು ನೋಡಿ, ಉಗುರು ಕತ್ತರಿಗಳೂ ಸಿಗರೇಟ್ ಲೈಟರುಗಳೂ ತುಂಬಿದ್ದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿದರು. ವಾದಿಸುವಷ್ಟು ಸಮಯವಿರಲಿಲ್ಲ. ಇಪ್ಪತ್ತು ನಿಮಿಷಗಳ ನಂತರ ನಾನು ಕಾಕ್‌ಪಿಟ್‌ನಲ್ಲಿ ಕುಳಿತಿದ್ದಾಗ, ನನ್ನ ಬೆನ್ನ ಹಿಂದೆಯೇ, ಬೆಂಕಿ ಬಿದ್ದರೆ ಫಲಕಗಳನ್ನು ಒಡೆಯಲೆಂದು ಇಟ್ಟಿರುವ ಕೊಡಲಿ ಎಂದಿನಂತೆ ತನ್ನ ಪಟ್ಟಿಯಲ್ಲಿ ಸಿಕ್ಕಿಕೊಂಡಿತ್ತು. ಕಡ್ಡಿ ನಿಷಿದ್ಧ, ಕೊಡಲಿ ಕಡ್ಡಾಯ!

ಆದ್ದರಿಂದ ಪೈಲಟ್‌ಗಳ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ವಿಮಾನವನ್ನು ಕೆಡವಬೇಕೆಂದು ನಿರ್ಧರಿಸಿದ ಪೈಲಟ್‌ಗೆ ಚಾಕು ಬೇಕಾಗಿಲ್ಲ. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನದ ಸಹ ಪೈಲಟ್, ಕ್ಯಾಪ್ಟನ್ ಹೊರಗೆ ಹೋದಾಗ ಕಾಕ್‌ಪಿಟ್‌ನ ಬಾಗಿಲು ಹಾಕಿಕೊಂಡು, ಫ್ರಾನ್ಸಿನ ಆಲ್ಪ್ಸ್ ಪರ್ವತಕ್ಕೆ ವಿಮಾನವನ್ನು ಅಪ್ಪಳಿಸಿದಾಗ 150 ಜನ ಸತ್ತರು. ಅವನ ಕಿಸೆಯನ್ನು ಹತ್ತು ಸಲ ತಡಕಿದ್ದರೂ ಏನೂ ಸಿಗುತ್ತಿರಲಿಲ್ಲ. ಮನಸ್ಸನ್ನು ತೋರಿಸುವ ಎಕ್ಸ್‌ರೇ ಯಂತ್ರ ಇನ್ನೂ ಬಂದಿಲ್ಲ.

ಆದರೆ ಇಷ್ಟಕ್ಕೇ ವಾದವನ್ನು ನಿಲ್ಲಿಸಿದರೆ ನಾವು ತಪ್ಪು ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಂತಾಗುತ್ತದೆ. ತಪಾಸಣೆಯ ಬಾಗಿಲಿನಲ್ಲಿ ನಿಜವಾಗಿ ತಿಳಿಯಬೇಕಾಗಿರುವುದು ‘ಈ ಪೈಲಟ್ ಚಾಕು ಹಿಡಿದು ಏನು ಮಾಡುತ್ತಾನೆ’ ಎಂಬುದಲ್ಲ, ‘ಸಮವಸ್ತ್ರ ತೊಟ್ಟು ಚೀಟಿ ಹಿಡಿದು ಬಂದಿರುವ ಈ ಮನುಷ್ಯ ಇವತ್ತಿಗೂ ಆ ಸಂಸ್ಥೆಯ ನೌಕರನೇ’ ಎಂಬುದು. ಇದನ್ನು ಜಗತ್ತು ಕಲಿತದ್ದು 1987ರ ಡಿಸೆಂಬರ್ 7ರಂದು. ಕ್ಯಾಲಿಫೋರ್ನಿಯಾದ ಪಿಎಸ್‌ಎ ಎಂಬ ವಿಮಾನ ಸಂಸ್ಥೆಯನ್ನು ಅದೇ ವರ್ಷ ಯುಎಸ್‌ಏರ್ ಎಂಬ ದೊಡ್ಡ ಸಂಸ್ಥೆ ಕೊಂಡಿತ್ತು. ವಿಮಾನದಲ್ಲಿ ಮದ್ಯ ಮಾರಿದ ಹಣದಲ್ಲಿ 69 ಡಾಲರ್ ಕದ್ದನೆಂದು ಯುಎಸ್‌ಏರ್ ಕೆಲಸದಿಂದ ತೆಗೆದುಹಾಕಿದ್ದ ನೌಕರನೊಬ್ಬ, ತನ್ನನ್ನು ತೆಗೆದ ಮೇಲಧಿಕಾರಿ ಲಾಸ್ ಏಂಜಲಿಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಪಿಎಸ್‌ಎ 1771 ವಿಮಾನವನ್ನೇ ತಾನೂ ಹತ್ತಿದ. ಅವನಿಂದ ಗುರುತಿನ ಚೀಟಿಯನ್ನು ಯಾರೂ ಹಿಂದಕ್ಕೆ ಪಡೆದಿರಲಿಲ್ಲ. ಆಗ ವಿಮಾನ ಸಂಸ್ಥೆಗಳ ನೌಕರರು ತಪಾಸಣೆಯಿಲ್ಲದೆ ಒಳಗೆ ಹೋಗಬಹುದಾಗಿತ್ತು. ಅವನು ಪಿಸ್ತೂಲಿನೊಂದಿಗೆ ಒಳಗೆ ಹೋದ. ಮೇಲಧಿಕಾರಿಯನ್ನೂ ಪೈಲಟ್‌ಗಳನ್ನೂ ಕೊಂದ. ವಿಮಾನದಲ್ಲಿದ್ದ 43 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅದಾದ ಮೇಲೆ ಅಮೆರಿಕದಲ್ಲಿ ಪೈಲಟ್‌ಗಳನ್ನೂ ಸೇರಿಸಿ, ಪ್ರಯಾಣಿಕರ ಬಾಗಿಲಿನಿಂದ ಹೋಗುವ ವಿಮಾನ ಸಂಸ್ಥೆಗಳ ನೌಕರರೆಲ್ಲರೂ ತಪಾಸಣೆಗೆ ಒಳಗಾಗಬೇಕೆಂದೂ, ಕೆಲಸ ಬಿಟ್ಟವರ ಚೀಟಿಯನ್ನು ಕೂಡಲೇ ಕಿತ್ತುಕೊಳ್ಳಬೇಕೆಂದೂ ನಿಯಮವಾಯಿತು. ಗಮನಿಸಿ, ಅವನು ಪೈಲಟ್ ಆಗಿರಲಿಲ್ಲ. ಪೈಲಟ್‌ಗಳು ಇಂದಿಗೂ ತೆರುತ್ತಿರುವುದು ಬೇರೆಯವನ ಪಾಪದ ಕಂದಾಯವನ್ನು.

ಹಾಗೆಂದು ನಮ್ಮವರೆಲ್ಲ ಹಾಲಿನಲ್ಲಿ ತೊಳೆದವರೆಂದೂ ಹೇಳಲಾರೆ. 1994ರ ಏಪ್ರಿಲ್ 7ರಂದು ಮೆಂಫಿಸ್‌ನಿಂದ ಹೊರಟ ಫೆಡ್‌ಎಕ್ಸ್‌ನ ಸರಕು ವಿಮಾನದಲ್ಲಿ ಅದೇ ಸಂಸ್ಥೆಯ ಫ್ಲೈಟ್ ಎಂಜಿನಿಯರ್ (ಕಾಕ್‌ಪಿಟ್‌ನಲ್ಲೇ ಕುಳಿತು ಯಂತ್ರಗಳನ್ನು ನೋಡಿಕೊಳ್ಳುವವನು) ಒಬ್ಬ ಹೆಚ್ಚುವರಿ ಆಸನದಲ್ಲಿ ಪ್ರಯಾಣಿಸುವವನಂತೆ ಹತ್ತಿದ್ದ; ಅವನ ಗಿಟಾರ್ ಪೆಟ್ಟಿಗೆಯಲ್ಲಿ ಇದ್ದದ್ದು ಸುತ್ತಿಗೆಗಳು ಮತ್ತು ಮೀನಿಗೆ ಗುರಿಯಿಡುವ ಈಟಿಬಂದೂಕು. ಮೂವರು ಸಿಬ್ಬಂದಿಯ ತಲೆ ಒಡೆದಿದ್ದರೂ ಅವರು ಹೋರಾಡಿ ವಿಮಾನವನ್ನು ಇಳಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ. ಆ ಪೆಟ್ಟಿಗೆಯನ್ನು ಯಾರಾದರೂ ಒಮ್ಮೆ ತೆರೆದು ನೋಡಿದ್ದರೆ ಸಾಕಿತ್ತು.

ನಮ್ಮ ದೇಶದ ಕಥೆ ಬೇರೆ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ಐಸಿ 814 ವಿಮಾನದ ಅಪಹರಣವಾದ ಮೇಲೆ ನಿಲ್ದಾಣಗಳ ಕಾವಲನ್ನು ರಾಜ್ಯ ಪೊಲೀಸರ ಕೈಯಿಂದ ತೆಗೆದು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯಾದ ಸಿಐಎಸ್‌ಎಫ್‌ಗೆ ಕೊಡುವ ಕ್ರಮ 2000ದ ಫೆಬ್ರವರಿಯಲ್ಲಿ ಜೈಪುರದಿಂದ ಆರಂಭವಾಯಿತು. ಯಾರನ್ನು ತಪಾಸಣೆ ಮಾಡಬೇಕು, ಹೇಗೆ ಮಾಡಬೇಕು ಎಂಬ ನಿಯಮಗಳು ಬಿಸಿಎಎಸ್ ಎಂಬ ನಾಗರಿಕ ವಿಮಾನಯಾನ ಭದ್ರತಾ ಸಂಸ್ಥೆಯವು. ಅವುಗಳ ಪ್ರಕಾರ ಪೈಲಟ್‌ಗೂ ತಪಾಸಣೆಯುಂಟು. ಅಲ್ಲಿ ನಿಂತಿರುವ ಸಿಐಎಸ್‌ಎಫ್ ಯೋಧನಿಗೆ ಪೈಲಟ್‌ನನ್ನು ಹಾಗೆಯೇ ಬಿಡುವ ಅಧಿಕಾರವೇ ಇಲ್ಲ. ಅವನ ಮೇಲೆ ರೇಗಾಡುವ ಸಹೋದ್ಯೋಗಿಗಳನ್ನು ಕಂಡಾಗಲೆಲ್ಲ ನನಗೆ ಮುಜುಗರವಾಗುತ್ತಿತ್ತು.

ಪ್ರಶ್ನೆ: 2010ರಲ್ಲಿ ಅಮೆರಿಕದ ಪೈಲಟ್‌ಗಳು ಬಾಡಿ ಸ್ಕ್ಯಾನರಿನ ವಿರುದ್ಧ ಪಟ್ಟು ಹಿಡಿದು ಗೆದ್ದರೆಂದು ಹಿಂದೆ ಓದಿದ ನೆನಪು. ಅವರ ತಕರಾರು ನಿಜವಾಗಿ ಯಾವುದರ ಬಗ್ಗೆ ಇತ್ತು?
— ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: 2009ರ ಕ್ರಿಸ್‌ಮಸ್ ದಿನ ಆಮ್‌ಸ್ಟರ್‌ಡ್ಯಾಮ್‌ನಿಂದ ಡೆಟ್ರಾಯಿಟ್‌ಗೆ ಹೋಗುತ್ತಿದ್ದ ವಿಮಾನದಲ್ಲಿ ಒಬ್ಬ ಒಳಉಡುಪಿನಲ್ಲಿ ಅಡಗಿಸಿಟ್ಟುಕೊಂಡಿದ್ದ ಸ್ಫೋಟಕವನ್ನು ಸಿಡಿಸಲು ಹೋಗಿ ಸಿಕ್ಕಿಬಿದ್ದ. ಅಲ್ಲಿಯ ಸಾರಿಗೆ ಭದ್ರತಾ ಆಡಳಿತವಾದ ಟಿಎಸ್‌ಎ ಆನಂತರ ಬಟ್ಟೆಯೊಳಗನ್ನು ತೋರಿಸುವ ಸ್ಕ್ಯಾನರುಗಳನ್ನು ಭರದಿಂದ ಅಳವಡಿಸಿತು. ಸ್ಕ್ಯಾನರ್ ಬೇಡವೆಂದವರಿಗೆ ಉಳಿದ ದಾರಿಯೆಂದರೆ ಮೈ ತಡವುವ ತಪಾಸಣೆ. ಅದನ್ನು 2010ರ ಕೊನೆಯ ತಿಂಗಳುಗಳಲ್ಲಿ ತೀರ ಬಿಗಿಗೊಳಿಸಿ, ತೊಡೆಯ ಸಂದಿಯವರೆಗೂ ಕೈ ಹೋಗುವಂತೆ ಮಾಡಿದರು. ಆ ಅಕ್ಟೋಬರಿನಲ್ಲಿ ಮೆಂಫಿಸ್ ನಿಲ್ದಾಣದಲ್ಲಿ ಕೆಲಸಕ್ಕೆ ಹೊರಟಿದ್ದ ಪೈಲಟ್ ಒಬ್ಬರು ಎರಡನ್ನೂ ನಿರಾಕರಿಸಿ ಮನೆಗೆ ಮರಳಿದರು. ನವೆಂಬರಿನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಪೈಲಟ್‌ಗಳ ಸಂಘದ ಅಧ್ಯಕ್ಷ ಡೇವ್ ಬೇಟ್ಸ್ ಸದಸ್ಯರಿಗೆಲ್ಲ ಪತ್ರ ಬರೆದು, ಸ್ಕ್ಯಾನರಿನೊಳಗೆ ಹೋಗಬೇಡಿ, ಮೈ ತಡವುವುದಿದ್ದರೆ ಸಾರ್ವಜನಿಕರ ಕಣ್ಣಿಗೆ ಬೀಳದ ಕಡೆ ಮಾಡಿಸಿಕೊಳ್ಳಿ ಎಂದು ಸಲಹೆ ಕೊಟ್ಟರು.

ಅವರು ಮುಂದಿಟ್ಟ ಕಾರಣಗಳಲ್ಲಿ ವಿಕಿರಣವೂ ಒಂದು. ಎತ್ತರದಲ್ಲಿ ಹಾರುವವರಿಗೆ ಬಾಹ್ಯಾಕಾಶದಿಂದ ಬರುವ ವಿಕಿರಣ ಹೇಗೂ ತಾಗುತ್ತಿರುತ್ತದೆ, ದಿನಕ್ಕೆ ಎರಡು ಮೂರು ಸಲ ಎಕ್ಸ್‌ರೇ ಸ್ಕ್ಯಾನರಿನಲ್ಲಿ ನಿಂತು ಅದಕ್ಕೆ ಇನ್ನಷ್ಟು ಕೂಡಿಸಿಕೊಳ್ಳುವುದೇಕೆ ಎಂಬುದು ವಾದ. ಒಂದು ಸಲದ ಸ್ಕ್ಯಾನ್ ಎರಡು ನಿಮಿಷದ ಹಾರಾಟಕ್ಕೆ ಸಮವೆಂದು ಟಿಎಸ್‌ಎ ಉತ್ತರಿಸಿತು. ನಿಜ ಹೇಳಬೇಕೆಂದರೆ ಈ ವಿಕಿರಣದ ವಾದ ನನಗೆ ಆಗಲೂ ಸಪ್ಪೆಯಾಗಿ ಕಂಡಿತ್ತು. ಮೂವತ್ತೈದು ಸಾವಿರ ಅಡಿಯಲ್ಲಿ ಎಂಟು ಗಂಟೆ ಕಳೆಯುವವನಿಗೆ ಎರಡು ನಿಮಿಷ ಯಾವ ಲೆಕ್ಕ? ಮಾನಕ್ಕೆ ಕುಂದಾಯಿತೆಂದು ಬರೆಯುವುದಕ್ಕಿಂತ ಆರೋಗ್ಯಕ್ಕೆ ಕುಂದಾಗುತ್ತದೆಂದು ಬರೆಯುವುದು ಸುಲಭ, ಅಷ್ಟೆ.

ಒಳಗಿನ ಕುದಿ ಬೇರೆಯೇ ಇತ್ತು. 2002ರ ಕಾನೂನಿನ ಪ್ರಕಾರ ಅಮೆರಿಕ ಸರ್ಕಾರವೇ ಇಷ್ಟಪಟ್ಟ ಪೈಲಟ್‌ಗಳಿಗೆ ತರಬೇತಿ ನೀಡಿ, ಕಾಕ್‌ಪಿಟ್ ಕಾಯಲೆಂದು ಅವರ ಕೈಗೆ ಪಿಸ್ತೂಲು ಕೊಟ್ಟಿತ್ತು. 2003ರ ಏಪ್ರಿಲ್‌ನಿಂದಲೇ ಅಂಥವರು ಹಾರುತ್ತಿದ್ದರು. ಹೀಗಾಗಿ ಒಂದೇ ಕಾಕ್‌ಪಿಟ್‌ಗೆ ಹೊರಟ ಇಬ್ಬರಲ್ಲಿ ಒಬ್ಬ ಸರ್ಕಾರದ ಪಿಸ್ತೂಲನ್ನು ಜೊತೆಯಲ್ಲಿಟ್ಟುಕೊಂಡು ಹೋಗುತ್ತಿದ್ದರೆ, ಇನ್ನೊಬ್ಬ ಕಾಲಗಲಿಸಿ ನಿಂತು ಮೈ ತಡವಿಸಿಕೊಳ್ಳಬೇಕಾಗಿತ್ತು. ಇದಕ್ಕಿಂತಲೂ ಹೆಚ್ಚು ಚುಚ್ಚುತ್ತಿದ್ದದ್ದು ಹಿಂಬಾಗಿಲಿನ ನೋಟ. ಸಾಮಾನು ಹೇರುವವರು, ವಿಮಾನ ಗುಡಿಸುವವರು ಅನೇಕ ನಿಲ್ದಾಣಗಳಲ್ಲಿ ಬರಿಯ ಕಾರ್ಡ್ ಉಜ್ಜಿ ವಿಮಾನದ ಹೊಟ್ಟೆಯ ತನಕ ಹೋಗಬಹುದಾಗಿತ್ತು. ಪೈಲಟ್‌ಗಳು ಹೊಟ್ಟೆಕಿಚ್ಚಿಗೆ ಹೀಗೆನ್ನುತ್ತಿದ್ದಾರೆಂದು ಆಗ ಕೆಲವರು ಮೂಗು ಮುರಿದರು. 2014ರ ಡಿಸೆಂಬರಿನಲ್ಲಿ, ಅಟ್ಲಾಂಟಾದಲ್ಲಿ ಸಾಮಾನು ಹೇರುವ ನೌಕರನೊಬ್ಬ ತಪಾಸಣೆ ಮುಗಿಸಿ ಒಳಗೆ ಬಂದ ತನ್ನ ಜೊತೆಗಾರನಿಗೆ ಬಂದೂಕುಗಳನ್ನು ದಾಟಿಸುತ್ತಿದ್ದ, ಅವು ವಿಮಾನದಲ್ಲೇ ನ್ಯೂಯಾರ್ಕ್ ಸೇರುತ್ತಿದ್ದವು ಎಂಬುದು ಬಯಲಾದ ಮೇಲೆ ಮೂಗುಗಳು ನೆಟ್ಟಗಾದವು.

ನೋಡುವವರಿಗೆ ಚಿಕ್ಕದೆನಿಸುವ, ಅನುಭವಿಸಿದವರಿಗಷ್ಟೇ ತಿಳಿಯುವ ಇನ್ನೊಂದು ಸಂಗತಿಯಿದೆ. ಪೈಲಟ್‌ನನ್ನು ಪಕ್ಕಕ್ಕೆ ಕರೆದು ಅವನ ಚೀಲವನ್ನು ಮೇಜಿನ ಮೇಲೆ ಹರವಿ ಶೋಧಿಸುವಾಗ, ಇನ್ನೊಂದು ಗಂಟೆಯಲ್ಲಿ ಅವನ ವಿಮಾನ ಹತ್ತಲಿರುವವರು ಅದೇ ಸಾಲಿನಲ್ಲಿ ನಿಂತು ನೋಡುತ್ತಿರುತ್ತಾರೆ. ಒಮ್ಮೆ ನನ್ನ ಒಳಬನಿಯನ್ನು, ಚಟ್ನಿಪುಡಿಯ ಪೊಟ್ಟಣವನ್ನು ಹೀಗೆ ಪ್ರದರ್ಶನಕ್ಕಿಟ್ಟದ್ದನ್ನು ಕಂಡಿದ್ದ ಹಿರಿಯರೊಬ್ಬರು ವಿಮಾನದ ಬಾಗಿಲಲ್ಲಿ ನಿಂತು, ‘ಕ್ಯಾಪ್ಟನ್ನರೇ, ಅವರಿಗೆ ಕೊನೆಗೆ ಏನು ಸಿಕ್ಕಿತು?’ ಎಂದು ಬಹಳ ಕಾಳಜಿಯಿಂದ ವಿಚಾರಿಸಿದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಗೆದ್ದದ್ದು ನಿಜ. 2010ರ ನವೆಂಬರ್ 19ರಂದು ಟಿಎಸ್‌ಎ ಮುಖ್ಯಸ್ಥ ಜಾನ್ ಪಿಸ್ಟೋಲ್, ಸಮವಸ್ತ್ರದಲ್ಲಿ ಕೆಲಸದ ಮೇಲೆ ಬರುವ ಅಮೆರಿಕದ ಪೈಲಟ್‌ಗಳಿಗೆ ಸ್ಕ್ಯಾನರಿನಿಂದಲೂ ಮೈ ತಡವುವ ತಪಾಸಣೆಯಿಂದಲೂ ವಿನಾಯಿತಿ ಪ್ರಕಟಿಸಿದರು. 2011ರ ಆಗಸ್ಟ್‌ನಲ್ಲಿ ಷಿಕಾಗೋದ ಓಹೇರ್ ನಿಲ್ದಾಣದಲ್ಲಿ ‘ನೋನ್ ಕ್ರೂಮೆಂಬರ್’, ಅಂದರೆ ‘ಪರಿಚಿತ ಸಿಬ್ಬಂದಿ’, ಎಂಬ ವ್ಯವಸ್ಥೆಯ ಮೊದಲ ಬಾಗಿಲು ತೆರೆಯಿತು. ಶಿವಮೊಗ್ಗದ ಓದುಗರು ಅದೇ ಊರಿನಲ್ಲಿ ಕಂಡದ್ದು ಈ ಬಗೆಯ ಬಾಗಿಲನ್ನೇ. ಜನರೆಲ್ಲರ ದೂರಿಗೆ ಕಾರಣವಾಗಿದ್ದ ಎಕ್ಸ್‌ರೇ ಬಗೆಯ ಸ್ಕ್ಯಾನರುಗಳನ್ನು 2013ರಲ್ಲಿ ಅಲ್ಲಿಯ ನಿಲ್ದಾಣಗಳಿಂದ ತೆಗೆದುಹಾಕಿದರು. ಕಾರಣ ವಿಕಿರಣವಲ್ಲ, ಪ್ರಯಾಣಿಕರ ಬತ್ತಲೆ ಆಕೃತಿಯನ್ನು ಮರೆಮಾಚುವ ತಂತ್ರಾಂಶವನ್ನು ತಯಾರಕರು ಗಡುವಿನೊಳಗೆ ಒದಗಿಸಲಾಗದೆ ಹೋದದ್ದು.

ಪ್ರಶ್ನೆ: ನಾನು ಕಂಪ್ಯೂಟರ್ ಕ್ಷೇತ್ರದಲ್ಲಿರುವವನು. ಬರಿಯ ಕಾರ್ಡ್ ನೋಡಿ ಒಳಗೆ ಬಿಡುವ ಇಂಥ ವ್ಯವಸ್ಥೆಯನ್ನು ವಂಚಿಸುವುದು ಸುಲಭವಲ್ಲವೇ?
— ಒಬ್ಬ ಓದುಗರು, ಮೈಸೂರು

ಉತ್ತರ: ಕಾರ್ಡನ್ನು ಮಾತ್ರ ನೋಡುವುದಿಲ್ಲ. ಅಧಿಕಾರಿ ಕಾರ್ಡಿನ ವಿವರವನ್ನು ಕಂಪ್ಯೂಟರಿಗೆ ಕೊಟ್ಟಾಗ ಆಯಾ ವಿಮಾನ ಸಂಸ್ಥೆಯ ದಾಖಲೆಯಿಂದ ನೌಕರನ ಭಾವಚಿತ್ರವೂ, ಅವನು ಈಗ ನೌಕರಿಯಲ್ಲಿ ಇದ್ದಾನೆಯೇ ಎಂಬ ಮಾಹಿತಿಯೂ ಪರದೆಗೆ ಬರುತ್ತವೆ. 1987ರ ಆ ಕೊಲೆಗಾರನನ್ನು ಈ ಬಾಗಿಲು ತಡೆಯುತ್ತಿತ್ತು. ಅಲ್ಲದೆ ಆಗಾಗ ಯಾರನ್ನಾದರೂ ಅನಿರೀಕ್ಷಿತವಾಗಿ ಆರಿಸಿ ಪೂರ್ತಿ ತಪಾಸಣೆಗೆ ಕಳಿಸುತ್ತಾರೆ. ಇದು ಬೇಕೇ ಬೇಕೆಂಬುದಕ್ಕೆ 2016ರ ಮಾರ್ಚ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ನಡೆದದ್ದೇ ಸಾಕ್ಷಿ: ಹಾಗೆ ಆಯ್ಕೆಯಾದ ಗಗನಸಖಿಯೊಬ್ಬಳು ಚೀಲಗಳನ್ನು ಅಲ್ಲೇ ಬಿಟ್ಟು, ಪಾದರಕ್ಷೆ ಕಳಚಿ ಎಸೆದು, ಮೇಲಕ್ಕೆ ಬರುತ್ತಿದ್ದ ಎಸ್ಕಲೇಟರಿನಲ್ಲಿ ಕೆಳಕ್ಕೆ ಓಡಿದಳು. ಚೀಲದಲ್ಲಿ ಸುಮಾರು 30 ಕಿಲೋ ಕೊಕೇನ್ ಇತ್ತು.

ನಿಮ್ಮ ಕ್ಷೇತ್ರಕ್ಕೆ ಸೇರಿದ ಬಿರುಕು ಕಂಡದ್ದು 2024ರಲ್ಲಿ. ಸಣ್ಣ ವಿಮಾನ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪಟ್ಟಿಯನ್ನು ನಿರ್ವಹಿಸಲು ಬಳಸುತ್ತಿದ್ದ ಒಂದು ಜಾಲತಾಣದ ಲಾಗಿನ್ ಪುಟವನ್ನು, ವಿದ್ಯಾರ್ಥಿಗಳಿಗೂ ಪಾಠದಲ್ಲಿ ಹೇಳಿಕೊಡುವ ಎಸ್‌ಕ್ಯೂಎಲ್ ಇಂಜೆಕ್ಷನ್ (ಹೆಸರು ತುಂಬುವ ಜಾಗದಲ್ಲಿ ಕಂಪ್ಯೂಟರಿಗೆ ಆಜ್ಞೆ ತುರುಕುವ) ತಂತ್ರದಿಂದ ದಾಟಿ, ಪಟ್ಟಿಗೆ ತಮಗೆ ಬೇಕಾದ ಹೆಸರನ್ನು ಸೇರಿಸಬಹುದೆಂದು ಇಬ್ಬರು ಭದ್ರತಾ ಸಂಶೋಧಕರು ತೋರಿಸಿದರು. ತಾನು ಆ ಒಂದು ಪಟ್ಟಿಯನ್ನೇ ನೆಚ್ಚಿಕೊಂಡಿಲ್ಲವೆಂದು ಟಿಎಸ್‌ಎ ಹೇಳಿತು, ದೋಷವನ್ನು ಸರಿಪಡಿಸಲಾಯಿತು. ಆದರೂ ಮೈ ತಡವುವುದನ್ನು ನಿಲ್ಲಿಸಿ ದಾಖಲೆಯನ್ನು ನಂಬುವುದಾದರೆ, ಹಿಂದೆ ಮೈಗೆ ಎಷ್ಟು ಜನ ಕಾವಲಿದ್ದರೋ ಈಗ ದಾಖಲೆಗೂ ಅಷ್ಟೇ ಕಾವಲಿರಬೇಕಾಗುತ್ತದೆ. ನಮ್ಮ ದೇಶಕ್ಕೆ ಇಂಥ ಬಾಗಿಲು ಬೇಕೆಂದು ಕೇಳುವ ಕಿರಿಯ ಪೈಲಟ್‌ಗಳಿಗೆ ನಾನು ಹೇಳುವುದು ಇದನ್ನೇ: ಕೆಲಸ ಬಿಟ್ಟವನ ಹೆಸರು ಅದೇ ದಿನ ಸಂಜೆಯೊಳಗೆ ಎಲ್ಲ ನಿಲ್ದಾಣಗಳ ಪರದೆಯಿಂದ ಅಳಿಯುತ್ತದೆಂಬ ಖಾತ್ರಿ ಮೊದಲು ಬರಲಿ. ಅಲ್ಲಿಯವರೆಗೆ ಪ್ರತ್ಯೇಕ ಸಾಲು, ನಾಲ್ಕು ಜನರ ಕಣ್ಣಿಗೆ ಬೀಳದ ಮರೆ, ವಸ್ತುಗಳ ಬಗ್ಗೆ ಊರೂರಿಗೆ ಬದಲಾಗದ ಒಂದೇ ಪಟ್ಟಿ, ಇಷ್ಟು ಸಿಕ್ಕರೆ ಮುಕ್ಕಾಲು ಪಾಲು ಸಿಟ್ಟು ಇಳಿಯುತ್ತದೆ.

ಪ್ರಶ್ನೆ: ನನ್ನ ಮಗ ಪೈಲಟ್ ತರಬೇತಿ ಮುಗಿಸಿ ಮುಂದಿನ ತಿಂಗಳು ಕೆಲಸಕ್ಕೆ ಸೇರುತ್ತಿದ್ದಾನೆ. ತಪಾಸಣೆಯಲ್ಲಿ ತೊಂದರೆಯಾಗದಂತೆ ಅವನು ಏನು ಎಚ್ಚರ ವಹಿಸಬೇಕು?
— ಒಬ್ಬ ತಾಯಿ, ಮಂಗಳೂರು

ಉತ್ತರ: ಮೊದಲಿಗೆ ಅಭಿನಂದನೆಗಳು, ತಾಯಿ. ಗುರುತಿನ ಚೀಟಿ ಕೊರಳಲ್ಲೇ ಇರಲಿ, ಚೀಲದ ತಳದಲ್ಲಿ ಬೇಡ. ಲೋಹದ ಬಕಲ್ ಇಲ್ಲದ ಬೆಲ್ಟ್, ಬೀಪ್ ಎನ್ನದ ಬೂಟು ಕೊಳ್ಳಲಿ. ದಿನಕ್ಕೆ ಮೂರು ಸಲ ಬಿಚ್ಚಿ ಕಟ್ಟುವ ಕಷ್ಟ ತಪ್ಪುತ್ತದೆ. ಯಾರು ಎಷ್ಟೇ ಪರಿಚಿತರಾಗಿರಲಿ, ‘ಇದೊಂದು ಪೊಟ್ಟಣ ಅಲ್ಲಿ ತಲುಪಿಸಿಬಿಡಪ್ಪ’ ಎಂದರೆ ಒಲ್ಲೆನೆನ್ನಲಿ, ನೆಂಟರಾದರೂ ಸರಿಯೇ. ನೀವು ಕಟ್ಟಿಕೊಡುವ ಉಪ್ಪಿನಕಾಯಿ ಕೈಚೀಲಕ್ಕೆ ಬೇಡ, ಎಣ್ಣೆಯಿರುವುದನ್ನು ಹಲವು ಕಡೆ ತೆಗೆಸುತ್ತಾರೆ; ಚಟ್ನಿಪುಡಿಯನ್ನು ಮೇಜಿನ ಮೇಲೆ ಹರವಿ ನೋಡಿಯಾರು, ಆದರೆ ನನ್ನದನ್ನು ಪ್ರತಿ ಸಲವೂ ಹಿಂದಕ್ಕೆ ಕೊಟ್ಟಿದ್ದಾರೆ. ಕನ್ನಡಕ ಹಾಕುವ ಹುಡುಗನಾದರೆ ಅದರ ಸ್ಕ್ರೂಡ್ರೈವರನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಹೊರಡುವ ಹಿಂದಿನ ದಿನ ತಿರುಪನ್ನು ನೀವೇ ಬಿಗಿಮಾಡಿ ಕೊಟ್ಟರಾಯಿತು.