ವರದಿಗೂ ಬಹುಮಾನ ಇರಲಿ ಮೇಡಂ

ನಮಸ್ಕಾರ ಮೇಡಂ,

ನಮ್ಮ ಪತ್ರಿಕೆಯ ವಿದ್ಯಾರ್ಥಿ ಬರಹ ಸ್ಪರ್ಧೆಯಲ್ಲಿ ಈ ವರ್ಷದಿಂದ ಕಥೆ, ಕವನದ ಜೊತೆ ವರದಿಗೂ ಬಹುಮಾನ ಇಟ್ಟಿದ್ದೇವೆ. ಅದನ್ನು ಓದಿ ನೀವು ಪತ್ರ ಬರೆದಿದ್ದೀರಿ. ‘ಕಥೆ ಬರೆದವರನ್ನು ಯಾರೂ ಏನೂ ಅನ್ನುವುದಿಲ್ಲ. ವರದಿ ಬರೆದ ಹುಡುಗಿಯನ್ನು ಆಫೀಸಿಗೆ ಕರೆಸುತ್ತಾರೆ. ಬಹುಮಾನದ ಆಸೆ ತೋರಿಸಿ ಮಕ್ಕಳನ್ನು ಕಷ್ಟಕ್ಕೆ ಸಿಕ್ಕಿಸಬೇಡಿ’ ಅಂತ ಕೇಳಿದ್ದೀರಿ. ಹಾಸ್ಟೆಲ್ ನೀರಿನ ಬಗ್ಗೆ ನಿಮ್ಮ ವಿದ್ಯಾರ್ಥಿನಿ ಬರೆದಿದ್ದನ್ನು ಕಾಲೇಜ್ ಮ್ಯಾಗಜಿನ್‌ನಲ್ಲಿ ಹಾಕಲಿಲ್ಲ ಅಂತ ತಿಳಿಸಿ, ಆ ಎರಡು ಪುಟ ಮತ್ತು ಅವಳ ನೋಟ್‌ಬುಕ್ಕಿನ ಒಂದು ಹಾಳೆಯ ಜೆರಾಕ್ಸ್ ಕಳಿಸಿದ್ದೀರಿ.

ನಿಮ್ಮ ಭಯ ಸುಳ್ಳಲ್ಲ. ಆದರೂ ಈ ಬಹುಮಾನ ಬೇಕು ಅಂತಲೇ ನನ್ನ ಮಾತು.

ಅಮೆರಿಕದಲ್ಲಿ ‘ದ ಸ್ಟ್ಯಾನ್‌ಫರ್ಡ್ ಡೈಲಿ’ ಅಂತ ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆ ಇದೆ. 2022ರ ನವೆಂಬರ್‌ನಲ್ಲಿ ಥಿಯೋ ಬೇಕರ್ ಎಂಬ ಮೊದಲ ವರ್ಷದ ಹುಡುಗ ಅದರಲ್ಲಿ ಒಂದು ವರದಿ ಬರೆದ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಮಾರ್ಕ್ ಟೆಸಿಯೆ-ಲವೀನ್ ಅವರ ಹೆಸರಿದ್ದ ಕೆಲವು ಸಂಶೋಧನಾ ಲೇಖನಗಳಲ್ಲಿ ಚಿತ್ರಗಳನ್ನು ತಿದ್ದಿದಂತಿದೆ ಅನ್ನುವುದು ಸುದ್ದಿ. ತನಿಖೆ ಶುರುವಾಯಿತು. 2023ರ ಜುಲೈನಲ್ಲಿ ಅಧ್ಯಕ್ಷರು ರಾಜೀನಾಮೆ ಘೋಷಿಸಿದರು. ಆದರೆ ಹುಡುಗನಿಗೆ ಜಾರ್ಜ್ ಪೋಲ್ಕ್ ಪ್ರಶಸ್ತಿ ಪ್ರಕಟವಾಗಿದ್ದು ಫೆಬ್ರವರಿಯಲ್ಲೇ. 1948ರಲ್ಲಿ ಗ್ರೀಸಿನಲ್ಲಿ ಕೊಲೆಯಾದ ವರದಿಗಾರನ ಹೆಸರಿನ ಪ್ರಶಸ್ತಿ ಅದು. ಅಲ್ಲಿನ ಪತ್ರಕರ್ತರಿಗೆ ಬಹಳ ದೊಡ್ಡದು. ಅಷ್ಟು ಹೊತ್ತಿಗೆ ತನಿಖೆ ಇನ್ನೂ ಮುಗಿದೇ ಇರಲಿಲ್ಲ! ಯಾರ ಕುರ್ಚಿ ಹೋಗುತ್ತದೆ ಅಂತ ಕಾಯದೆ, ಮಾಡಿದ ಕೆಲಸ ನೋಡಿ ಕೊಟ್ಟರು. ನನಗೆ ತುಂಬ ಹಿಡಿಸಿದ್ದು ಇದೇ.

ಪೂರ್ತಿ ಕಥೆ ಹೇಳಬೇಕಲ್ವಾ? ಅಧ್ಯಕ್ಷರೇ ಚಿತ್ರ ತಿದ್ದಿದ್ದಕ್ಕೆ ಪುರಾವೆ ಇಲ್ಲ, ಆದರೆ ತಪ್ಪು ಗೊತ್ತಾದ ಮೇಲೂ ಅದನ್ನು ಸರಿಯಾಗಿ ತಿದ್ದಿಸಲಿಲ್ಲ ಅಂತ ತನಿಖಾ ಸಮಿತಿ ಹೇಳಿತು. ಪತ್ರಿಕೆ ಆಮೇಲೆ ಬರೆದ ವಂಚನೆಯ ಒಂದು ಆರೋಪ ತಪ್ಪಿದ್ದಂತಿದೆ ಅಂತಲೂ ಹೇಳಿತು. ಹುಡುಗರ ವರದಿಗೆ ಇನ್ನೊಂದು ಜೊತೆ ಕಣ್ಣು ಬೇಕೇ ಬೇಕು. ಆ ಹುಡುಗನ ಅಪ್ಪ ಅಮ್ಮ ಇಬ್ಬರೂ ಹೆಸರಾಂತ ಪತ್ರಕರ್ತರು, ಅನುಮಾನ ಬಂದರೆ ಕೇಳೋಕೆ ಮನೆಯಲ್ಲೇ ಜನ ಇದ್ದರು. ಅವನ ಪತ್ರಿಕೆಯೂ 1973ರಿಂದ ವಿಶ್ವವಿದ್ಯಾಲಯದ ಕೈಯಲ್ಲಿಲ್ಲ. ನಮ್ಮ ಕಡೆ ಕಾಲೇಜ್ ಮ್ಯಾಗಜಿನ್ ಪ್ರೂಫ್ ಪ್ರಿನ್ಸಿಪಾಲರ ಮೇಜಿಗೆ ಹೋಗಿಯೇ ಪ್ರೆಸ್ಸಿಗೆ ಬರಬೇಕು. ಕವಿತೆ ಬರೆಯುವವರಿಗಾದರೂ ಕಾಲೇಜಿನಾಚೆ ಒಂದು ದಾರಿ ಇದೆ. ಚಿ. ಶ್ರೀನಿವಾಸರಾಜು ಮೇಷ್ಟ್ರು ಕಟ್ಟಿ ಬೆಳೆಸಿದ ಬೆಂಗಳೂರಿನ ಕ್ರೈಸ್ಟ್ ಕಾಲೇಜ್ ಕನ್ನಡ ಸಂಘ ಬೇಂದ್ರೆ ಹೆಸರಿನಲ್ಲಿ ಕವನ ಸ್ಪರ್ಧೆ ನಡೆಸಿ, ಎಷ್ಟೋ ಊರಿನ ಹುಡುಗ ಹುಡುಗಿಯರ ಕವನ ಅಚ್ಚಾಗುವಂತೆ ಮಾಡಿತು. ಹಾಸ್ಟೆಲ್ ನೀರಿನ ಬಗ್ಗೆ ಬರೆದವಳು ಎಲ್ಲಿಗೆ ಕಳಿಸಬೇಕು?

ಈಗ ನಿಮ್ಮ ಹುಡುಗಿಯ ಬರಹಕ್ಕೆ ಬರುತ್ತೇನೆ. ‘ಜೀವಜಲವು ಸಕಲ ಜೀವರಾಶಿಗಳ ಆಧಾರ’ ಅಂತ ಶುರುವಾಗುತ್ತದೆ. ಸ್ಪರ್ಧೆಗೆ ಬರುವ ಬರಹದಲ್ಲಿ ಅರ್ಧಕ್ಕರ್ಧ ಹೀಗೇ ಶುರುವಾಗುತ್ತವೆ. ತಪ್ಪು ಮಕ್ಕಳದ್ದಲ್ಲ, ಇಂಥದ್ದಕ್ಕೇ ನಾವು ಇಷ್ಟು ವರ್ಷ ಬಹುಮಾನ ಕೊಟ್ಟಿದ್ದೇವೆ. ಆದರೆ ಆ ನೋಟ್‌ಬುಕ್ ಹಾಳೆ ನೋಡಿ: ‘ಸೋಮವಾರ 6:10, ನಲ್ಲಿ ಒಣಗಿದೆ. ಮಂಗಳವಾರ 6:40, ಅರ್ಧ ಬಕೆಟ್. ಬುಧವಾರ ಟ್ಯಾಂಕರ್ ಬಂತು, ಮೇಲಿನ ಮಹಡಿಗೆ ಏರಲಿಲ್ಲ.’ ಹನ್ನೊಂದು ದಿನ ಬೆಳಿಗ್ಗೆ ಎದ್ದು ಬರೆದುಕೊಂಡಿದ್ದಾಳೆ. ವರದಿ ಇರೋದೇ ಇಲ್ಲಿ! ಇದನ್ನು ಯಾಕೆ ಬರಹದೊಳಗೆ ತರಲಿಲ್ಲ ಅವಳು? ‘ಸಾಹಿತ್ಯ’ ಅಲ್ಲ ಅಂದುಕೊಂಡಿರಬೇಕು.

ಒಂದು ಕೊರತೆ ಇದೆ. ವಾರ್ಡನ್ ಏನಂದರು ಅನ್ನುವುದು ಎಲ್ಲೂ ಇಲ್ಲ. ಪಂಪ್ ಕೆಟ್ಟಿತ್ತಾ, ಬಿಲ್ ಬಾಕಿ ಇತ್ತಾ, ಗೊತ್ತಿಲ್ಲ. ಅವಳು ಕೇಳಲು ಹೆದರಿದರೆ ನಾವು ಇಲ್ಲಿಂದ ಫೋನ್ ಮಾಡಿ ಕೇಳುತ್ತೇವೆ. ನಿಮ್ಮ ಪತ್ರ ಓದಿದ ಮೇಲೆ ನಿಯಮಕ್ಕೆ ಇದನ್ನು ಸೇರಿಸಿದ್ದೇವೆ: ವರದಿಯನ್ನು ವಿದ್ಯಾರ್ಥಿಗಳು ನೇರವಾಗಿ ನಮಗೇ ಕಳಿಸಬಹುದು, ಕಾಲೇಜಿನ ಸೀಲು ಬೇಡ. ಅಂಕಿ ಅಂಶ ನಾವೂ ಪರಿಶೀಲಿಸುತ್ತೇವೆ. ಹೆಸರು ಹಾಕಬೇಡಿ ಅಂದರೆ ಹಾಕುವುದಿಲ್ಲ. ಬಹುಮಾನ ಬರಲಿ ಬಿಡಲಿ, ತಿದ್ದಿದ ಪ್ರತಿಯನ್ನು ವಾಪಸ್ ಕಳಿಸುತ್ತೇವೆ. ಯಾರಾದರೂ ಕರೆಸಿ ಕೇಳಿದರೆ ‘ಸಂಪಾದಕರನ್ನು ಕೇಳಿ’ ಅಂತ ನನ್ನ ಕಡೆ ಕೈ ತೋರಿಸಲಿ.

ಬಹುಮಾನ ತೀರ್ಪುಗಾರರಿಗೆ ಬಿಟ್ಟಿದ್ದು. ಆದರೆ ವಾರ್ಡನ್ ಮಾತೂ ಸೇರಿದ ಮೇಲೆ ಅವಳ ವರದಿಯನ್ನು ಅಚ್ಚು ಹಾಕೋಣ. ಪಕ್ಕದಲ್ಲೇ ಆ ನೋಟ್‌ಬುಕ್ ಹಾಳೆಯೂ ಇರಲಿ, ಅವಳ ಕೈಬರಹದಲ್ಲೇ. ಆದರೆ ಮೊದಲು ಅವಳನ್ನು ಒಂದು ಮಾತು ಕೇಳಿ, ಮೇಡಂ.

- ಸಂಪಾದಕ