ಚೀಟಿ ಹಿಡಿದು ಕಳೆದ ಆರು ವರ್ಷ

ಸಾಮಾಜಿಕ ಆತಂಕಕ್ಕೆ, ಅಂದರೆ ಜನರೆದುರು ನಗೆಪಾಟಲಾಗುವ ಭಯಕ್ಕೆ, ಹೊಸ ಔಷಧ ಬರುವವರೆಗೆ, ಸಭೆಯಲ್ಲಿ ಆಡಬೇಕಾದ ಮಾತನ್ನೆಲ್ಲ ಮೊದಲೇ ಬರೆದು ಬಾಯಿಪಾಠ ಮಾಡಿಕೊಂಡು ನಿಭಾಯಿಸಬಹುದೇ ಎಂದು ಕೇಳಿದ್ದೀರಿ. ನಾನು ಆರು ವರ್ಷ ಅದನ್ನೇ ಮಾಡಿದೆ.

ತುಮಕೂರಿನ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಪ್ರತಿ ಸೋಮವಾರ ಬೆಳಗ್ಗೆ ಸಭೆ. ಭಾನುವಾರ ರಾತ್ರಿಯೇ ನಾಲ್ಕು ವಾಕ್ಯ ಬರೆದು, ಚೀಟಿಯನ್ನು ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ನನ್ನ ಸರದಿ ಬರುವಷ್ಟರಲ್ಲಿ ಅಂಗೈ ಬೆವರಿಗೆ ಶಾಯಿ ಹರಡಿ ಎರಡನೆಯ ಸಾಲು ಓದಲಾಗದಂತೆ ಆಗಿರುತ್ತಿತ್ತು. ಆದರೂ ಮೇಜಿನ ಮೇಲೆ ಕಣ್ಣು ನೆಟ್ಟು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದೆ. ಒಂದು ಸೋಮವಾರ ಮೇಲಧಿಕಾರಿಗಳು ಹಿಂದಿನ ವರ್ಷದ ಒಂದು ಬಾಬಿನ ಬಗ್ಗೆ ಕೇಳಿದರು. ಅದನ್ನು ಲೆಕ್ಕಕ್ಕೆ ಬರೆದವನೇ ನಾನು. ಆದರೆ ಉತ್ತರ ಚೀಟಿಯಲ್ಲಿ ಇರಲಿಲ್ಲವಾದ್ದರಿಂದ ಸುಮ್ಮನೆ ಕುಳಿತೆ. ಆ ವರ್ಷದ ಬಡ್ತಿ ನನಗಿಂತ ಕಿರಿಯರಿಗೆ ಹೋಯಿತು.

ಬಡ್ತಿಗಿಂತ ದೊಡ್ಡ ನಷ್ಟ ಬೇರೆಯೇ ಇತ್ತು, ಅದನ್ನು ಬಿಡಿಸಿ ಹೇಳಬೇಕು. ಸುಮಾರು ಮುನ್ನೂರು ಸೋಮವಾರಗಳಲ್ಲಿ ಒಮ್ಮೆಯೂ ಯಾರೂ ನನ್ನನ್ನು ನೋಡಿ ನಗಲಿಲ್ಲ. ಒಂದೊಂದು ಸಭೆಯೂ ನನ್ನ ಭಯ ಸುಳ್ಳೆಂಬುದಕ್ಕೆ ಸಾಕ್ಷಿಯಾಗಬಹುದಿತ್ತು. ನಾನು ಮಾತ್ರ ಪ್ರತಿ ಬಾರಿಯೂ "ಚೀಟಿ ಇದ್ದುದರಿಂದ ಮಾನ ಉಳಿಯಿತು" ಎಂದುಕೊಂಡು, ಆ ಸಾಕ್ಷಿಯನ್ನೆಲ್ಲ ಚೀಟಿಯ ಲೆಕ್ಕಕ್ಕೆ ಬರೆದೆ. ಹೀಗಾಗಿ ಆರನೆಯ ವರ್ಷದ ಭಯ ಮೊದಲ ವರ್ಷದ್ದಕ್ಕಿಂತ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಮನಸ್ಸೆಲ್ಲ ಮುಂದಿನ ವಾಕ್ಯದ ಮೇಲಿದ್ದುದರಿಂದ ಬೇರೆಯವರ ಮಾತು ಕಿವಿಗೆ ಬೀಳುತ್ತಿರಲಿಲ್ಲ, ಅದನ್ನು ಸಹೋದ್ಯೋಗಿಗಳು ಅಹಂಕಾರವೆಂದು ತಿಳಿದಿದ್ದರು.

ಚೀಟಿಯಂಥ ಆಸರೆಯನ್ನು ಹಿಡಿಯುವುದನ್ನು ಸಂಶೋಧಕರು ಸುರಕ್ಷತಾ ವರ್ತನೆ ಎನ್ನುತ್ತಾರೆ. 1995ರಲ್ಲಿ ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಮಂಡಿಸಿದ ಮಾದರಿಯ ತಿರುಳೇ ಇದು: ಆತಂಕವಿರುವವರು ಗಮನವನ್ನೆಲ್ಲ ತಮ್ಮ ಮೇಲೆಯೇ ತಿರುಗಿಸಿಕೊಂಡು, ಕಾಪಾಡಿಕೊಳ್ಳಲು ಹಿಡಿದ ಉಪಾಯಗಳಿಂದಲೇ ಭಯವನ್ನು ಉಳಿಸಿಕೊಳ್ಳುತ್ತಾರೆ. ಅದೇ ವರ್ಷ ವೆಲ್ಸ್ ಮತ್ತು ಸಂಗಡಿಗರ ಒಂದು ಸಣ್ಣ ಪ್ರಯೋಗದಲ್ಲಿ, ಭಯದ ಸಂದರ್ಭವನ್ನು ಎಂದಿನಂತೆ ಎದುರಿಸುವುದಕ್ಕಿಂತ ಈ ಉಪಾಯಗಳನ್ನು ಕೈಬಿಟ್ಟು ಎದುರಿಸಿದಾಗ ಆತಂಕ ಹೆಚ್ಚು ಇಳಿಯಿತು.

ಔಷಧಕ್ಕಾಗಿ ಕಾಯಬೇಕೆಂಬ ನಿಮ್ಮ ಮಾತನ್ನೂ ನಾನು ಒಪ್ಪುವುದಿಲ್ಲ. 101 ಪ್ರಯೋಗಗಳನ್ನು, 13,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯು, ಒಬ್ಬೊಬ್ಬರಿಗೇ ಕೊಡುವ ಸಿಬಿಟಿ ಚಿಕಿತ್ಸೆಯನ್ನು (ಯೋಚನೆ ಮತ್ತು ವರ್ತನೆಯನ್ನು ತಿದ್ದಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆಯನ್ನು) ಮೊದಲ ಆಯ್ಕೆಯಾಗಿ ಮುಂದಿಟ್ಟಿತು. ಅದು ಬೇಡವೆನ್ನುವವರಿಗೆ ಎಸ್‌ಎಸ್‌ಆರ್‌ಐ ಎಂಬ, ಖಿನ್ನತೆಗೂ ಆತಂಕಕ್ಕೂ ಕೊಡುವ ಮಾತ್ರೆಗಳು ಈಗಾಗಲೇ ಇವೆ. 2022ರಲ್ಲಿ ಕ್ಲಾರ್ಕ್ ಅವರ ತಂಡ 102 ಜನರ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿತು. ಅದರಲ್ಲಿ ಅಂತರ್ಜಾಲದ ಮೂಲಕ ನೀಡಿದ ಸಿಬಿಟಿ ಬಗೆಯ ಚಿಕಿತ್ಸೆ, ಚಿಕಿತ್ಸಕರ ಸಮಯವನ್ನು ಬಹಳ ಕಡಿಮೆ ಬಳಸಿಯೂ, ಎದುರುಬದುರು ಕುಳಿತು ಪಡೆದ ಚಿಕಿತ್ಸೆಯಷ್ಟೇ ಫಲ ನೀಡಿತು.

ಕೊನೆಗೆ ನಾನು ಬೆಂಗಳೂರಿನಲ್ಲಿ ಒಬ್ಬ ಮನಶ್ಶಾಸ್ತ್ರಜ್ಞೆಯನ್ನು ಕಂಡೆ. ಅವರು ನನ್ನಿಂದ ಒಂದೇ ಸಂಭಾಷಣೆಯನ್ನು ಚೀಟಿಯೊಂದಿಗೆ ಒಮ್ಮೆ, ಚೀಟಿಯಿಲ್ಲದೆ ಒಮ್ಮೆ ಮಾಡಿಸಿ ವಿಡಿಯೊ ತೆಗೆದರು. ನೋಡುವ ಮುನ್ನ ಕೈ ಎಷ್ಟು ನಡುಗಿತ್ತೆಂದು ಕೇಳಿದಾಗ, ಎಲ್ಲರಿಗೂ ಕಾಣುವಷ್ಟು ಎಂದೆ. ವಿಡಿಯೊದಲ್ಲಿ ಕೈ ಸುಮ್ಮನಿತ್ತು. ಚೀಟಿ ಹಿಡಿದಾಗಿನ ಮುಖ ಮಾತ್ರ ಯಾರ ಮೇಲೋ ಮುನಿಸಿಕೊಂಡವರ ಮುಖದಂತಿತ್ತು.

ಈ ಭಯ ಆರು ತಿಂಗಳಿಗೂ ಹೆಚ್ಚು ಕಾಲದಿಂದ ಇದ್ದು ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ತಪ್ಪದೆ ಕಾಣಿರಿ. ಎಲ್ಲಿಂದ ಆರಂಭಿಸಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿರಿ, ಕನ್ನಡದಲ್ಲೇ ಮಾತನಾಡಬಹುದು. ಮುಂದಿನ ಸಭೆಗೆ ಅಂಕಿಗಳ ಕಾಗದವನ್ನು ಬೇಕಾದರೆ ಒಯ್ಯಿರಿ, ವಾಕ್ಯಗಳ ಚೀಟಿಯನ್ನು ಮನೆಯಲ್ಲೇ ಬಿಡಿ. ನಿಮಗಿಂತ ಮೊದಲು ಮಾತನಾಡುವವರು ಏನು ಹೇಳಿದರೆಂಬುದನ್ನು ಕೇಳಿಸಿಕೊಂಡು, ಸಾಧ್ಯವಾದರೆ ಅದರ ಬಗ್ಗೆ ಅವರನ್ನೇ ಒಂದು ಪ್ರಶ್ನೆ ಕೇಳಿರಿ.