ಕೇಸ್‌ಗಳನ್ನ ಬೇಗ ಕ್ಲೋಸ್ ಮಾಡೋದು ಹೇಗೆ, ಅದಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೇದು?

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಮಕ್ಕಳ ರಕ್ಷಣೆ ಕೆಲಸಕ್ಕೆ ಸೇರಿದೀನಿ, ಪೆಂಡಿಂಗ್ ಜಾಸ್ತಿ ಅಂತ ತಿಂಗಳ ಮೀಟಿಂಗಲ್ಲಿ ಬೈತಾರೆ ಅಂತ ಬರ್ದಿದೀರಲ್ಲ, ಓದಿ ನನ್ನ ಮೊದಲ ವರ್ಷಗಳೇ ಕಣ್ಮುಂದೆ ಬಂದ್ವು. ನಾನೂ ಬೇಗ ಕ್ಲೋಸ್ ಮಾಡೋಳು ಅಂತ ಹೆಸರು ತಗೊಂಡಿದ್ದೆ, ನನ್ನ ಫೈಲ್‌ಗಳನ್ನ ಹೊಸಬರಿಗೆ ತೋರಿಸ್ತಿದ್ರು.

ಆಗ ಕೊಪ್ಪಳ ಕಡೆಯ ಒಬ್ಬ ಹುಡುಗನ ಕೇಸ್ ಬಂತು (ಊರು, ಹೆಸರು ಬರೆಯಲ್ಲ, ನೀವೂ ಎಲ್ಲೂ ಬರೀಬೇಡಿ, ವಾಟ್ಸಾಪ್ ಗ್ರೂಪಿಗೆ ಮಕ್ಕಳ ಫೋಟೋ ಹಾಕೋರನ್ನ ಕಂಡ್ರೆ ನಂಗೆ ಮೈ ಉರಿಯುತ್ತೆ, ಬಾಲನ್ಯಾಯ ಕಾಯ್ದೆ ಸೆಕ್ಷನ್ 74ರಲ್ಲಿ ಅದಕ್ಕೆ 6 ತಿಂಗಳವರೆಗೆ ಜೈಲು ಇದೆ). ಬೇಕರಿಲಿ ಕೆಲಸ ಮಾಡ್ತಿದ್ದ, ಹದಿಮೂರು ವರ್ಷ. ಸಿಡಬ್ಲ್ಯೂಸಿ (ಮಕ್ಕಳ ಕಲ್ಯಾಣ ಸಮಿತಿ) ಮುಂದೆ ಹಾಜರುಪಡಿಸಿದ್ರು, ಮನೆ ಪರಿಸ್ಥಿತಿ ವಿಚಾರಿಸಿ ಸಾಮಾಜಿಕ ತನಿಖಾ ವರದಿ ಬರೆಯೋ ಕೆಲಸ ನನಗೆ ಬಂತು. 15 ದಿನದ ಗಡುವು ಇರುತ್ತಲ್ಲ, ಅದಕ್ಕಿಂತ ಮೊದಲೇ ಕೊಟ್ಟೆ. ಅಪ್ಪ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದೋರು ಅಲ್ಲೇ ಆಸ್ಪತ್ರೇಲಿ ತೀರಿಕೊಂಡಿದ್ರು, ಅಮ್ಮ ಮೆಣಸಿನಕಾಯಿ ಬಿಡಿಸೋ ಕೂಲಿಗೆ ಹೋಗ್ತಿದ್ರು, ತಂಗಿ ಒಬ್ಳು. ಹುಡುಗ ಅಮ್ಮನ ಹತ್ರಾನೇ ಇರ್ತೀನಿ ಅಂದ. ಮಗೂನ ಬಾಲಮಂದಿರದಂಥ ಸಂಸ್ಥೇಲಿ ಇಡೋದು ಕೊನೇ ದಾರಿ ಅಂತ ಕಾಯ್ದೆಯ ಸೆಕ್ಷನ್ 3 ಹೇಳುತ್ತೆ, ಹಾಗಾಗಿ ಮನೆಗೆ ಕಳಿಸಿದ್ವಿ. ಅದು ಸರಿಯಾದ ತೀರ್ಮಾನವೇ, ಇವತ್ತೂ ಅದನ್ನೇ ಮಾಡ್ತೀನಿ.

ತಪ್ಪಾಗಿದ್ದು ಆ ಹುಡುಗನ ಆರೈಕೆಗೆ ಅಂತ ಬರೆದ ಪ್ಲಾನಲ್ಲಿದ್ದ ಒಂದು ಸಾಲಲ್ಲಿ. ಅಮ್ಮನಿಗೆ ವಿಧವಾ ವೇತನ, ಮಗನಿಗೆ ಪ್ರಾಯೋಜಕತ್ವದ ಹಣ (ಮಗು ಮನೇಲೇ ಇದ್ದು ಬೆಳೆಯೋಕೆ ಸರ್ಕಾರ ತಿಂಗಳು ತಿಂಗಳು ಕೊಡೋ ನೆರವು), ಎರಡೂ ಕೊಡಿಸ್ಬೇಕು ಅಂತ ಬರ್ದಿದ್ದೆ. ಎರಡಕ್ಕೂ ಗಂಡ ತೀರಿಕೊಂಡಿದ್ದಕ್ಕೆ ದಾಖಲೆ ಕೇಳಿದ್ರು, ಮರಣ ಪ್ರಮಾಣ ಪತ್ರ ಅವರ ಹತ್ರ ಇರ್ಲಿಲ್ಲ. ನಾನು ಏನ್ ಮಾಡ್ದೆ, ಒಂದು ಚೀಟೀಲಿ ತಾಲ್ಲೂಕು ಕಚೇರಿ ಅಂತ ಬರೆದು ಅವರ ಕೈಗೆ ಕೊಟ್ಟು, ಫೈಲಲ್ಲಿ "ಮರಣ ಪ್ರಮಾಣ ಪತ್ರಕ್ಕಾಗಿ ರೆಫರ್ ಮಾಡಲಾಗಿದೆ" ಅಂತ ಬರೆದು ಟಿಕ್ ಹಾಕ್ದೆ. ಈ ಟಿಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ ಕ್ಷಮಿಸಿ, ಯಾಕಂದ್ರೆ ಇಡೀ ಕೇಸ್ ಬಿದ್ದಿದ್ದೇ ಅಲ್ಲಿ. ಸಾವು ಎಲ್ಲಿ ಆಗುತ್ತೋ ಅಲ್ಲೇ ನೋಂದಣಿ ಆಗೋದು, ಆಸ್ಪತ್ರೇಲಿ ಆದ್ರೆ ಆಸ್ಪತ್ರೆಯವರೇ ಅಲ್ಲಿನ ನೋಂದಣಾಧಿಕಾರಿಗೆ ತಿಳಿಸ್ಬೇಕು. ಅಂದ್ರೆ ಆ ಪತ್ರ ಗೋವಾದಲ್ಲಿ ರೆಡಿಯಾಗೇ ಇತ್ತು, ಪ್ರತಿ ತರಿಸಿದ್ರೆ ಸಾಕಿತ್ತು, ನಮ್ಮ ತಾಲ್ಲೂಕು ಕಚೇರಿ ಅದನ್ನ ಕೊಡೋಕೇ ಆಗ್ತಿರ್ಲಿಲ್ಲ. ನಾನು ಒಂದು ಫೋನ್ ಮಾಡಿ ವಿಚಾರಿಸಿದ್ರೂ ಗೊತ್ತಾಗ್ತಿತ್ತು. ಮಾಡ್ಲಿಲ್ಲ. ರೆಫರ್ ಮಾಡೋದೇ ನನ್ನ ಕೆಲಸ, ಪತ್ರ ತಗೊಳ್ಳೋದು ಅವರ ಕೆಲಸ ಅಂದ್ಕೊಂಡಿದ್ದೆ. ಆ ತಾಯಿ ಕೂಲಿ ಬಿಟ್ಟು, ಕೈಯಿಂದ ಬಸ್ ಚಾರ್ಜ್ ಹಾಕ್ಕೊಂಡು ಹೋದ್ರು, ಇಲ್ಲಿ ಬರಲ್ಲಮ್ಮ ಅಂತ ಕಳಿಸಿದ್ರು, ಮತ್ತೆ ಹೋದ್ರು, ಮತ್ತೆ ಅದೇ ಮಾತು. ಆಮೇಲೆ ಮೇಸ್ತ್ರಿ ಹತ್ರ ಅಡ್ವಾನ್ಸ್ ತಗೊಂಡ್ರು, ಹುಡುಗ ಬೇರೆ ಊರಿಗೆ ಕೆಲಸಕ್ಕೆ ಹೋದ. ನನ್ನ ರಿಜಿಸ್ಟರಲ್ಲಿ ಅಷ್ಟೊತ್ತಿಗೆ ಕೇಸ್ ಕ್ಲೋಸ್ ಆಗಿತ್ತು.

ಬೇರೆ ಕೇಸಿಗೆ ಆ ಊರಿಗೆ ಹೋದಾಗ ಅವರು ಸಿಕ್ಕಿದ್ರು, ಬೈಲಿಲ್ಲ, "ಚೀಟಿ ಬರದ್ ಕೊಟ್ರಿ ಅಕ್ಕಾರ, ಅದನ್ ಹಿಡ್ಕೊಂಡು ಯಾರ್ ಕಡೆ ಹೋಗ್ಲಿ ನಾನು?" ಅಂದ್ರು ಅಷ್ಟೆ. ಫೈಲ್ ಮತ್ತೆ ತೆಗೆದ್ವಿ, ಗೋವಾದಿಂದ ಪ್ರತಿ ತರಿಸಿದ್ವಿ, ವೇತನ ಶುರುವಾಯ್ತು, ತಂಗಿಗೆ ಪ್ರಾಯೋಜಕತ್ವ ಸಿಕ್ತು. ಹುಡುಗನ್ನ ಹುಡುಕಿ ಕರ್ಕೊಂಡು ಬಂದ್ವಿ, ಆದ್ರೆ ಶಾಲೆಗೆ ಅವನು ವಾಪಸ್ ಹೋಗ್ಲೇ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೇನೇ ನಾನು ಒಪ್ಪಲ್ಲ. ಬೇಗ ಕ್ಲೋಸ್ ಮಾಡೋದು ಕೇಸ್ ಮ್ಯಾನೇಜ್‌ಮೆಂಟ್ ಅಲ್ಲ. ಕಚೇರಿಗಳು ಹತ್ತಾರು ಇವೆ, ಒಂದಕ್ಕೂ ಇನ್ನೊಂದಕ್ಕೂ ಮಾತಿಲ್ಲ, ಆ ನಡುವಿನ ಜಾಗದಲ್ಲಿ ಕುಟುಂಬ ಕಳೆದುಹೋಗದ ಹಾಗೆ ಒಬ್ಬರು ಜೊತೇಲಿ ಇರ್ಬೇಕು, ಅದಕ್ಕೇ ನಮ್ಮನ್ನ ಇಟ್ಟಿರೋದು. ಸಾಫ್ಟ್‌ವೇರ್ ಯಾವುದಾದ್ರೂ ಇರ್ಲಿ, ನಾನಂತೂ ನೋಟ್‌ಬುಕ್ಕಲ್ಲೇ ಬರೀತೀನಿ: ಯಾರು ಹೋಗ್ತಾರೆ, ಯಾರ ಜೊತೆ, ಯಾವ ದಿನ, ಕೈಗೆ ಏನು ಬಂತು. ನಾಡಕಚೇರೀಲಿ ಅರ್ಜಿ ಕೊಟ್ರೆ ಸಕಾಲ ಸ್ವೀಕೃತಿ ಕೊಡ್ತಾರಲ್ಲ, ಅದರಲ್ಲಿರೋ ಜಿಎಸ್‌ಸಿ ನಂಬರ್ (ಅರ್ಜಿಯ ಗುರುತಿನ ಸಂಖ್ಯೆ) ಬರ್ಕೊಳ್ಳೋವರೆಗೆ ನನ್ನ ಪಾಲಿಗೆ ಅರ್ಜಿ ಕೊಟ್ಟಂಗಲ್ಲ, ಹಣ ಖಾತೆಗೆ ಬಂದು ಪಾಸ್‌ಬುಕ್ ಎಂಟ್ರಿ ನೋಡೋವರೆಗೆ ಸಿಕ್ಕಂಗೂ ಅಲ್ಲ. ಕೇಂದ್ರದ ಮಕ್ಕಳ ರಕ್ಷಣೆ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಈಗ ತಿಂಗಳಿಗೆ 4,000 ರೂಪಾಯಿ, ಹಳ್ಳಿ ಕುಟುಂಬಕ್ಕೆ ವರ್ಷದ ಆದಾಯ 72,000, ಪಟ್ಟಣದಲ್ಲಿ 96,000 ದಾಟಬಾರದು, ಅಂದ್ರೆ ಆದಾಯ ಪ್ರಮಾಣ ಪತ್ರ ಮೊದಲ ದಿನದಿಂದಲೇ ನಿಮ್ಮ ಪ್ಲಾನಲ್ಲಿ ಇರ್ಬೇಕು.

ಪ್ಲಾನನ್ನ ಮಗು ಮುಂದೆ ಕೂತು ಬರೀರಿ, ಟೇಬಲ್ ಹಿಂದೆ ಅಲ್ಲ. ಆ ಪ್ಲಾನ್ ಬರೆಯೋ ನಮೂನೆ 7ರ ಕೊನೇ ಭಾಗ ನೋಡಿದೀರಾ? ಮನೆಗೆ ಕಳಿಸಿದ ಮೇಲಿನ ವರದಿ ಅದು, ಎಷ್ಟೋ ಫೈಲಲ್ಲಿ ಖಾಲಿ ಇರುತ್ತೆ. ಅದನ್ನ ತುಂಬೋಕೆ ಆ ಮನೆಗೆ ಹೋಗ್ಲೇಬೇಕು.

ಪೆಂಡಿಂಗ್ ಜಾಸ್ತಿ ಅಂತ ಬೈದ್ರೆ, ಯಾವ ಕೇಸ್ ಯಾವ ಕಚೇರೀಲಿ ಎಷ್ಟು ದಿನದಿಂದ ನಿಂತಿದೆ ಅಂತ ಒಂದು ಪಟ್ಟಿ ಮಾಡಿ ಮೀಟಿಂಗಲ್ಲಿ ಇಡಿ, ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿ ಆ ಕಚೇರಿಗೆ ಪತ್ರ ಬರೀಲಿ, ಅದು ಅವರ ಮಟ್ಟದಲ್ಲಿ ಆಗೋ ಕೆಲಸ, ನಿಮ್ಮೊಬ್ಬರ ಕೈಲಿ ಆಗೋದಲ್ಲ. ಮತ್ತೆ ಈಗಾಗ್ಲೇ ಕ್ಲೋಸ್ ಮಾಡಿರೋ ಫೈಲಲ್ಲಿ "ರೆಫರ್ ಮಾಡಲಾಗಿದೆ" ಅಂತ ಇರೋವನ್ನ ಹೊರಗೆ ತೆಗೆದು, ಈ ವಾರಾನೇ ಆ ಮನೆಗಳಿಗೆ ಒಂದೊಂದು ಫೋನ್ ಮಾಡಿ.